ಮುಳುಗಿ ಎದ್ದರೆ ಸೇವೆಯಾ?

ಕಳೆದ ವಾರ ನಮ್ಮ ಊರಿನವರ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ನೀಲಿ ನೀರು, ನೀರಿನ ಮೇಲೆ ಮಂಜು, ನಡುವೆ ಎರಡೂ ಕೈ ಎತ್ತಿ ನಿಂತ ಗಡ್ಡದ ಯುವಕ. ಯುವಕ ಖಂಡಿತ ನಮ್ಮ ಕಡೆಯವನಲ್ಲ, ಹಿಂದೆ ಹಿಮದ ಗುಡ್ಡ ಕಾಣುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಚಳಿಗೆ ಸವಾಲು, ಊರಿಗೆ ಸೇವೆ'. ಡಿಸೆಂಬರ್ ಮೂರನೇ ಭಾನುವಾರ ಬೆಳಿಗ್ಗೆ ಐದೂವರೆಗೆ ಮೆಲ್ಕಾರ್ ಜಂಕ್ಷನ್ನಿನಲ್ಲಿ ಸೇರುವುದು, ಅಲ್ಲಿಂದ ಪಾಣೆಮಂಗಳೂರಿನ ಹತ್ತಿರ ನೇತ್ರಾವತಿಗೆ ಇಳಿಯುವುದು, ಐದು ನಿಮಿಷ ಕುತ್ತಿಗೆವರೆಗಿನ ನೀರಿನಲ್ಲಿ ನಿಲ್ಲುವುದು. ತಲೆಗೆ 999 ರೂಪಾಯಿ. ಸೇರಿದ ದುಡ್ಡಿನಿಂದ ಹೊಳೆ ಬದಿಯ ಒಂದು ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್.

ಅರ್ಧ ಗಂಟೆಯೊಳಗೆ ಹೆಬ್ಬೆರಳುಗಳ ಸಾಲು. ಬೆಂಗಳೂರಿನಲ್ಲಿರುವವರು, ದುಬೈಯಲ್ಲಿರುವವರು, ಪುಣೆಯಲ್ಲಿರುವವರು, ಎಲ್ಲರೂ "ಸೂಪರ್", "ಐ ಆ್ಯಮ್ ಇನ್". ನಾನು ಮೂರು ಪ್ರಶ್ನೆ ಕೇಳಿದೆ. ಇಳಿಯುವವರಲ್ಲಿ ಈಜು ಬರುವವರು ಎಷ್ಟು ಜನ? ಆ ಜಾಗದ ಆಳ ನೋಡಿದ್ದು ಯಾರು? ದಡದಲ್ಲಿ ಯಾರಿರುತ್ತಾರೆ?

"ಎಂತ ಮಾರಾಯ, ಒಳ್ಳೆ ಕೆಲಸಕ್ಕೂ ನಿಂದೊಂದು ಕೊಕ್ಕೆಯಾ?" ಅಂತ ಉತ್ತರ ಬಂತು. ಜೊತೆಗೆ ನಗುವ ಮುಖ ನಾಲ್ಕು.

ಹೌದು, ಕೊಕ್ಕೆಯೇ. ಗ್ರೂಪಿನಲ್ಲಿ ಹಾಕುವಷ್ಟು ಸಣ್ಣದಲ್ಲ, ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ಕಳೆದ ಜನವರಿಯಲ್ಲಿ ಬೆಂಗಳೂರಿನಲ್ಲಿ ನಾನೂ ಇಂಥದ್ದೊಂದರಲ್ಲಿ ಇಳಿದವನೇ. ಆಫೀಸಿನ ತಂಡ, ಒಂದು ಜಿಮ್ಮಿನ ಟೆರೇಸು, ದೊಡ್ಡ ಪ್ಲಾಸ್ಟಿಕ್ ತೊಟ್ಟಿ, ಅದರ ತುಂಬ ಐಸ್. ಎರಡು ನಿಮಿಷ ಕೂತರೆ ಸಹೋದ್ಯೋಗಿಗಳು ದೇಣಿಗೆ ಕೊಡುತ್ತಾರೆ. ನಾನು ಕೂತೆ. ಮೊದಲ ಅರ್ಧ ನಿಮಿಷ ಉಸಿರು ನನ್ನ ಮಾತು ಕೇಳಲಿಲ್ಲ, ಹಲ್ಲು ಕಟಕಟ ಅಂದಿತು, ಆಮೇಲೆ ಒಂದು ಥರ ಮತ್ತು ಬಂದಂತಾಯಿತು. ಎದ್ದಾಗ ಚಪ್ಪಾಳೆ. ಫೋಟೋ ಹಾಕಿದೆ. ಇನ್ನೂರು ಚಿಲ್ಲರೆ ಲೈಕ್ ಬಂತು. ದುಡ್ಡು ಎಲ್ಲಿಗೆ ಹೋಯಿತು ಅಂತ ನಾನು ಇವತ್ತಿನವರೆಗೆ ಕೇಳಿಲ್ಲ. ಕೇಳಬೇಕು ಅಂತ ಅನ್ನಿಸಲೇ ಇಲ್ಲ. ನಾನು ನಡುಗಿದ್ದೇನೆ, ಅಷ್ಟು ಸಾಕು ಅಂತ ಮನಸ್ಸು ಲೆಕ್ಕ ಚುಕ್ತಾ ಮಾಡಿಬಿಟ್ಟಿತ್ತು.

ಇನ್ನೊಂದು ವಿಷಯ. ನನಗೆ ಈಜು ಬರುವುದಿಲ್ಲ. ನೇತ್ರಾವತಿಯಿಂದ ಕೂಗಳತೆಯಲ್ಲಿ ಹುಟ್ಟಿ ಬೆಳೆದ ಮೂವತ್ತೊಂದು ವರ್ಷದ ಗಂಡಸಿಗೆ ಈಜು ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ತಣ್ಣೀರಿಗೆ ಇಳಿದು ದುಡ್ಡೆತ್ತುವ ಈ ಪದ್ಧತಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1903ರಿಂದ ಚಳಿಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಒಂದು ಕ್ಲಬ್ ಇದೆ. ಸ್ಕಾಟ್ಲೆಂಡಿನ ಸೌತ್ ಕ್ವೀನ್ಸ್‌ಫೆರಿಯಲ್ಲಿ 1986ರಲ್ಲಿ ಒಂದಷ್ಟು ಮಂದಿ ಹೊಸ ವರ್ಷದ ಅಮಲು ಇಳಿಸಲು ತಮಾಷೆಗೆ ನೀರಿಗೆ ಹಾರಿದರು, ಮುಂದೆ ಅದು ಜನವರಿ 1ರ ಜಾತ್ರೆಯೇ ಆಯಿತು, ವೇಷ ಹಾಕಿ ಇಳಿದು ಸೇವಾ ಸಂಸ್ಥೆಗಳಿಗೆ ದುಡ್ಡು ಕೂಡಿಸತೊಡಗಿದರು. 2014ರ ಐಸ್ ಬಕೆಟ್ ಚಾಲೆಂಜ್ ನಿಮಗೆಲ್ಲ ನೆನಪಿರಬೇಕು. ತಲೆ ಮೇಲೆ ಐಸ್ ನೀರು ಸುರಿದುಕೊಂಡ ಆ ಬೇಸಿಗೆಯಲ್ಲಿ ಅಮೆರಿಕದ ಎಎಲ್‌ಎಸ್ ಸಂಘಕ್ಕೆ 11.5 ಕೋಟಿ ಡಾಲರ್ ಬಂತು, ಆ ದುಡ್ಡಿನಿಂದ ನಡೆದ ಸಂಶೋಧನೆಯಲ್ಲಿ ರೋಗಕ್ಕೆ ಸಂಬಂಧಪಟ್ಟ ಹೊಸ ವಂಶವಾಹಿಗಳೂ ಪತ್ತೆಯಾದವು. ಹಾಗಾಗಿ ಇದೆಲ್ಲ ಬರೀ ಶೋಕಿ ಅಂತ ಹೇಳಿದರೆ ಅದು ಸುಳ್ಳು.

ಆದರೆ ಅದೇ 2014ರಲ್ಲಿ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ಏನು ಮಾಡಿದರು ನೋಡಿ. ನೀರಿಗೇ ಬರ ಇರುವ ದೇಶದಲ್ಲಿ ಬಕೆಟ್ ನೀರು ಚೆಲ್ಲುವುದೇಕೆ ಅಂತ, ಒಂದು ಬಕೆಟ್ ಅಕ್ಕಿಯನ್ನು ಹಸಿದವರಿಗೆ ಕೊಡಿ ಅಂದರು. ರೈಸ್ ಬಕೆಟ್ ಚಾಲೆಂಜ್ ಅಂತ ಅದೂ ಊರೂರಿಗೆ ಹಬ್ಬಿತು. ಹೊರಗಿನಿಂದ ಬಂದದ್ದನ್ನು ಹಾಗೇ ನಕಲು ಮಾಡಲಿಲ್ಲ, 'ನಮ್ಮಲ್ಲಿ ಇಲ್ಲದ್ದು ಏನು' ಅಂತ ಕೇಳಿಕೊಂಡರು. ನಮ್ಮ ಗ್ರೂಪಿನ ಪೋಸ್ಟರ್ ಮಾಡಿದವರು ಕೇಳಿಕೊಳ್ಳದೇ ಬಿಟ್ಟದ್ದು ಈ ಒಂದು ಪ್ರಶ್ನೆಯನ್ನು.

ನಮ್ಮಲ್ಲಿ ಇಲ್ಲದ್ದು ಏನು? ತಣ್ಣೀರು ಸ್ನಾನವಾ? ಅದು ನಮ್ಮಲ್ಲಿ ಬೇಕಾದಷ್ಟಿದೆ.

ಮೆಲ್ಕಾರಿನಲ್ಲಿ ನಿಂತು ತಲೆ ಎತ್ತಿದರೆ ನರಹರಿ ಪರ್ವತ. ಮೇಲೆ ಸದಾಶಿವ ದೇವಸ್ಥಾನ, ಶಂಖ, ಚಕ್ರ, ಗದಾ, ಪದ್ಮ ಅಂತ ಬಂಡೆಯ ನಡುವೆ ನಾಲ್ಕು ತೀರ್ಥಕೆರೆ. ಆಟಿ ಅಮಾವಾಸ್ಯೆಯ ದಿನ ಜನ ಬೆಳ್ಳಂಬೆಳಿಗ್ಗೆ ಮಳೆಯಲ್ಲೇ ಗುಡ್ಡ ಹತ್ತಿ ಅಲ್ಲಿ ಮುಳುಗುತ್ತಾರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಅದೇ ದಿನ ಕಾರಿಂಜದ ಗದಾತೀರ್ಥದಲ್ಲೂ ಹೀಗೇ ಜನ. ಆವತ್ತು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ, ಕಾದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಕುಡಿಸುತ್ತಿದ್ದ ನನ್ನ ಅಜ್ಜಿಯ ಮುಂದೆ ಯಾವ 'ಡಿಟಾಕ್ಸ್' ಅಂಗಡಿಯವನೂ ನಿಲ್ಲಲಾರ. ಆ ಕಹಿ ಕುಡಿದವನಿಗೆ ಐಸ್ ತೊಟ್ಟಿ ಏನು ಮಹಾ. ಇನ್ನು ಚಳಿಗಾಲಕ್ಕೆ ಬಂದರೆ, ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಮಿಂದು ಹೋಗುವವರು, ಮಾಲೆ ಹಾಕಿ ನಲವತ್ತೊಂದು ದಿನ ತಣ್ಣೀರಿನಲ್ಲೇ ಮೀಯುವ ಅಯ್ಯಪ್ಪ ವ್ರತದವರು. ಅವರಾರೂ 999 ರೂಪಾಯಿ ಕಟ್ಟುವುದಿಲ್ಲ, ಅವರಿಗೆ ಯಾರೂ ಮೆಡಲ್ ಹಾಕುವುದಿಲ್ಲ.

ಮೈ ದಂಡಿಸಿ ದುಡ್ಡೆತ್ತುವುದು ನಮಗೆ ಹೊಸತಾ? ಅದೂ ಅಲ್ಲ. ಉಡುಪಿಯ ಅಷ್ಟಮಿಗೆ ಹೋಗಿ ನೋಡಿ. ಕೂಲಿ ಕೆಲಸ ಮಾಡುವ ರವಿ ಕಟಪಾಡಿ ವರ್ಷ ವರ್ಷ ವಿಚಿತ್ರ ವೇಷ ಹಾಕಿ, ಮೈತುಂಬ ಬಣ್ಣ ಬಳಿದುಕೊಂಡು ಬೀದಿ ಬೀದಿ ಸುತ್ತಿ, ಸೇರಿದ ದುಡ್ಡನ್ನು ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಕೊಡುತ್ತಾರೆ. ಆ ವೇಷ ನೋಡಿ ಪಟ್ಟಣದವರಿಗಿಂತ ಮೊದಲು ಜೇಬಿಗೆ ಕೈ ಹಾಕುವವರು ಮೀನು ಮಾರುವ ಹೆಂಗಸರು, ರಿಕ್ಷಾದವರು. ನಮ್ಮ ಕರಾವಳಿಗೆ ಸೇವೆಯ ಪಾಠವನ್ನು ಬೆಂಗಳೂರಿನ ಟೆರೇಸಿನಿಂದ ಪಾರ್ಸೆಲ್ ತರಿಸಬೇಕಾಗಿಲ್ಲ.

ಹಾಗಾದರೆ ನಮ್ಮಲ್ಲಿ ಇಲ್ಲದ್ದು? ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಹೊಳೆಯ ಬಗ್ಗೆ ಎರಡು ಮಾತು.

ಸ್ಕಾಟ್ಲೆಂಡಿನಲ್ಲಿ ಜನವರಿಯ ನೀರು ನಿಜವಾಗಿಯೂ ಕೊಲ್ಲುವಷ್ಟು ತಣ್ಣಗಿರುತ್ತದೆ. 15 ಡಿಗ್ರಿಗಿಂತ ಕೆಳಗಿನ ನೀರಿಗೆ ತಟ್ಟನೆ ಇಳಿದರೆ ಮನುಷ್ಯ ತನಗರಿವಿಲ್ಲದೆ ಗಬಕ್ಕನೆ ಉಸಿರು ಎಳೆಯುತ್ತಾನೆ. ಆಗ ಬಾಯಿ ನೀರೊಳಗಿದ್ದರೆ ಮುಗಿಯಿತು. ಎದೆ ಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ತಣ್ಣೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಕಸಿಯುತ್ತದೆ. ಹಾಗಾಗಿ ಅಲ್ಲಿನ ಎಚ್ಚರಿಕೆಗಳೆಲ್ಲ ಚಳಿಯ ಸುತ್ತ. ನಿಧಾನಕ್ಕೆ ಇಳಿ, ಬೇಗ ಹೊರಗೆ ಬಾ, ಬೆಚ್ಚಗೆ ಹೊದ್ದುಕೋ.

ನೇತ್ರಾವತಿ ಹಾಗಲ್ಲ. ಡಿಸೆಂಬರಿನ ಮುಂಜಾನೆ ಹೊಳೆ ಬದಿಗೆ ಹೋದವರಿಗೆ ಗೊತ್ತು, ಚಳಿ ಇರುವುದು ದಡದಲ್ಲಿ. ನೀರಿಗೆ ಕಾಲಿಟ್ಟರೆ ಬೆಚ್ಚಗೆ. ನೀರಿನ ಮೇಲೆ ಹಬೆಯಾಡುವುದು ಅದಕ್ಕೇ. ನೇತ್ರಾವತಿಗೆ 'ಕೋಲ್ಡ್ ವಾಟರ್' ಅಂದರೆ ನನ್ನ ಅಜ್ಜಿ ಎಲೆ ಅಡಿಕೆ ಉಗುಳಿ ನಗುತ್ತಿದ್ದರು. ಇಲ್ಲಿ ಕೊಲ್ಲುವುದು ಚಳಿಯಲ್ಲ. ಕೊಲ್ಲುವುದು ಗುಂಡಿ. ಮಂಡಿ ಮಟ್ಟ ಮಂಡಿ ಮಟ್ಟ ಅಂತ ನಡೆದುಕೊಂಡು ಹೋದವನು, ಮರಳು ತೆಗೆದ ಜಾಗದಲ್ಲಿ ಒಂದು ಹೆಜ್ಜೆಗೆ ತಲೆ ಮುಳುಗುತ್ತಾನೆ. ಕೆಳಗೆ ತುಂಬೆಯಲ್ಲಿ ಮಂಗಳೂರಿಗೆ ಕುಡಿಯುವ ನೀರಿಗಾಗಿ ಅಣೆಕಟ್ಟಿದೆ. ಮಳೆ ನಿಂತ ಮೇಲೆ ಗೇಟು ಹಾಕಿದರೆ ಹೊಳೆ ಹಿಂದಕ್ಕೆ ತುಂಬಿ ನಿಲ್ಲುತ್ತದೆ. ಮೇಲಿಂದ ನೋಡಿದರೆ ಕೆರೆಯ ಹಾಗೆ ಸಮಾಧಾನ. ಹೋದ ಬೇಸಿಗೆಯಲ್ಲಿ ಕ್ರಿಕೆಟ್ ಆಡಿದ ಜಾಗ ಈಗ ಎರಡಾಳು ಆಳ ಇರಬಹುದು. ಪೋಸ್ಟರಿನ 'ಕುತ್ತಿಗೆವರೆಗೆ' ಅನ್ನುವುದು ಯಾರ ಕುತ್ತಿಗೆ, ಯಾವ ತಿಂಗಳ ನೀರು?

ಬಂಟ್ವಾಳದ ಕಥೆ ಇದಾದರೆ, ಬೆಳ್ತಂಗಡಿ ಕಡೆ ಮಳೆಗಾಲದ ಜಲಪಾತಗಳು, ಬಂಡೆಯ ಪಾಚಿ, ಸೆಲ್ಫಿ. ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ಕೆರೆ ಅನ್ನುವ ಮಾತಿದೆ, ಆ ಕೆರೆಗಳಿಗಾದರೂ ಮೆಟ್ಟಿಲಿತ್ತು. ಈಗ ಜಿಲ್ಲೆಯ ಎಲ್ಲ ಕಡೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳಿವೆ. ಮಳೆಗೆ ತುಂಬಿ ನಿಲ್ಲುತ್ತವೆ, ಬದಿ ಗೋಡೆಯ ಹಾಗೆ ನೆಟ್ಟಗೆ, ಹಿಡಿದು ಹತ್ತಲು ಒಂದು ಬೇರೂ ಇಲ್ಲ. ಶಾಲೆಗೆ ರಜೆ ಸಿಕ್ಕ ದಿನ ಮಕ್ಕಳು ಅಲ್ಲಿರುತ್ತಾರೆ.

ನನ್ನ ಚಿಕ್ಕಮ್ಮನ ಮಗನೂ ಹಾಗೇ ಹೋದದ್ದು. ಹದಿನಾಲ್ಕು ವರ್ಷ. ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮಧ್ಯಾಹ್ನ. ಜೊತೆಗೆ ಮೂವರು ಇದ್ದರು, ಮೂವರೂ ದಡದಲ್ಲಿ ಚೆಂಡು ಆಡುತ್ತಿದ್ದರು. "ಕೂಗಲೇ ಇಲ್ಲ ಅಣ್ಣ, ಇಲ್ಲೇ ಇದ್ದ, ಮತ್ತೆ ನೋಡಿದರೆ ಇಲ್ಲ" ಅಂತ ಅವರಲ್ಲೊಬ್ಬ ನನ್ನ ಹತ್ತಿರ ನೂರು ಸಲ ಹೇಳಿದ್ದಾನೆ. ಅವನ ಮಾತು ಸುಳ್ಳಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಮುಳುಗುವವನು ಸಿನಿಮಾದ ಹಾಗೆ "ಕಾಪಾಡಿ" ಅಂತ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಇರುತ್ತದೆ, ಸಿಕ್ಕ ಚೂರು ಸಮಯ ಉಸಿರಿಗೇ ಸಾಲದು. ಒಂದು ನಿಮಿಷದೊಳಗೆ ಎಲ್ಲ ಸದ್ದಿಲ್ಲದೆ ಮುಗಿಯುತ್ತದೆ.

ಅವನನ್ನು ಮೇಲೆ ತಂದವರು ಹೊಳೆ ಬದಿಯ ಹುಡುಗರು. ಗೂಡಿನಬಳಿ, ಪಾಣೆಮಂಗಳೂರು ಕಡೆಯಲ್ಲಿ ಇಂಥ ಈಜುಗಾರರಿದ್ದಾರೆ. ಸೇತುವೆಯಿಂದ ಯಾರಾದರೂ ಹಾರಿದರೆ, ಯಾರಾದರೂ ಕೊಚ್ಚಿ ಹೋದರೆ ಮೊದಲು ಫೋನ್ ಹೋಗುವುದು ಅವರಿಗೆ. ಊಟ ಬಿಟ್ಟು, ಕೆಲಸ ಬಿಟ್ಟು, ಬರ್ಮುಡಾದಲ್ಲೇ ಓಡಿ ಬರುತ್ತಾರೆ. ಆವತ್ತು ಅವರಲ್ಲಿ ಒಬ್ಬರ ಹತ್ತಿರವೂ ಲೈಫ್ ಜಾಕೆಟ್ ಇರಲಿಲ್ಲ. ಹಗ್ಗ ಪಕ್ಕದ ಮನೆಯ ದನದ ಕೊಟ್ಟಿಗೆಯಿಂದ ಬಂತು. ಮೇಲೆ ತಂದ ಮೇಲೆ ದಡದಲ್ಲಿ ಸೇರಿದ ನಾವು ಏನು ಮಾಡಿದೆವು? ಕಾಲು ಹಿಡಿದು ತಲೆಕೆಳಗೆ ಮಾಡಿ ಹೊಟ್ಟೆ ಒತ್ತಿದೆವು, ನೀರು ಬರಲಿ ಅಂತ. ಅದು ತಪ್ಪು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮಾಡಬೇಕಾದ್ದು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದು, ಎದೆ ಒತ್ತುವುದು, ಕೂಡಲೇ, ಆಂಬುಲೆನ್ಸ್ ಬರುವವರೆಗೆ ಬಿಡದೆ. ನಮ್ಮಲ್ಲಿ ಇಬ್ಬರು ಎಂಜಿನಿಯರುಗಳಿದ್ದೆವು, ಒಬ್ಬರು ಮೇಷ್ಟ್ರಿದ್ದರು. ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಉಳಿಯುತ್ತಿದ್ದನಾ? ಅದಕ್ಕೆ ಉತ್ತರ ಇಲ್ಲ. ಚಿಕ್ಕಮ್ಮ ಒಮ್ಮೆ ಮಾತ್ರ ಕೇಳಿದರು, ಮತ್ತೆ ಕೇಳಲಿಲ್ಲ.

ಇದು ನಮ್ಮ ಮನೆಯೊಂದರ ಕಥೆ ಅಂತ ಬಿಡಬಹುದಿತ್ತು. ಆದರೆ ಲೆಕ್ಕ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ದಿನಕ್ಕೆ ನೂರಕ್ಕಿಂತ ಮೇಲೆ. ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ ದೊಡ್ಡ ಪಾಲು ಮಕ್ಕಳು. ನೂರು ಜನ ಒಂದು ಬಸ್ಸಿನಲ್ಲೋ ರೈಲಿನಲ್ಲೋ ಸತ್ತರೆ ಟಿವಿಯವರು ಮೂರು ದಿನ ಬೊಬ್ಬೆ ಹೊಡೆಯುತ್ತಾರೆ. ಇವರು ಒಬ್ಬೊಬ್ಬರಾಗಿ, ಬೇರೆ ಬೇರೆ ಹೊಳೆಯಲ್ಲಿ, ಸದ್ದಿಲ್ಲದೆ ಹೋಗುತ್ತಾರೆ. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಕೊನೆಯ ಸಾಲು, 'ಸ್ಥಳೀಯ ಈಜುಗಾರರು ಮೃತದೇಹ ಮೇಲಕ್ಕೆತ್ತಿದರು'.

ಈ ಸ್ಥಳೀಯ ಈಜುಗಾರರು ಯಾರು ಅಂತ ನಾವು ಯಾವತ್ತಾದರೂ ಕೇಳಿದ್ದೇವಾ? 2019ರ ಜುಲೈಯಲ್ಲಿ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದಾಗ ಸರ್ಕಾರಿ ಪಡೆಗಳ ಜೊತೆ ಹುಡುಕಿದವರು ಇಂಥ ಮೀನುಗಾರರು, ಈಜುಗಾರರು. 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೆಸರು ತುಂಬಿದ ಗಂಗಾವಳಿಗೆ ಹಾರಿದವರಲ್ಲಿ ಮಲ್ಪೆಯ ಈಶ್ವರ್ ಒಬ್ಬರು. ಅವರ ಹೆಸರಾದರೂ ನಮಗೆ ಗೊತ್ತು. ನಮ್ಮ ಹೊಳೆಯವರ ಹೆಸರು ಗೊತ್ತಿಲ್ಲ. ಇವರು ಹೊಳೆಗೆ ಇಳಿಯುವಾಗ ಡ್ರೋನ್ ಇರುವುದಿಲ್ಲ. ಮೇಲೆ ಬಂದಾಗ ಚಪ್ಪಾಳೆಯೂ ಇರುವುದಿಲ್ಲ, ಅಳು ಇರುತ್ತದೆ.

ಈಗ ನಮ್ಮ ಕಾರ್ಯಕ್ರಮದ ಲೆಕ್ಕದ ಶೀಟಿಗೆ ಬನ್ನಿ. ಗ್ರೂಪಿನಲ್ಲೇ ಹಾಕಿದ್ದರು, ಪಾರದರ್ಶಕತೆ ಅಂತ. ಮೆಚ್ಚತಕ್ಕದ್ದೇ. 999 ರೂಪಾಯಿಯಲ್ಲಿ ಟಿ-ಶರ್ಟಿಗೆ 280, ಮೆಡಲಿಗೆ 90, ನೀರ್ ದೋಸೆ, ಕಾಫಿಗೆ 120, ಡ್ರೋನ್ ಮತ್ತು ಫೋಟೋಗೆ 110, ಬ್ಯಾನರ್, ಮೈಕು, ಶಾಮಿಯಾನಕ್ಕೆ 100. ಒಟ್ಟು 700. ಶಾಲೆಗೆ ಉಳಿಯುವುದು 299. ಲೈಫ್ ಜಾಕೆಟ್, ಹಗ್ಗ, ಈಜುಗಾರರ ಸಂಭಾವನೆ ಅನ್ನುವ ಸಾಲೇ ಶೀಟಿನಲ್ಲಿ ಇರಲಿಲ್ಲ. ನಾನು ಕೇಳಿದ್ದಕ್ಕೆ, "ಲೋಕಲ್ ಹುಡುಗರು ಇರ್ತಾರೆ, ಅವರು ಫ್ರೀಯಾಗಿ ಬರ್ತಾರೆ" ಅಂದರು.

ಈ ಒಂದು ವಾಕ್ಯಕ್ಕೇ ನಾನು ಇಷ್ಟುದ್ದ ಬರೆಯುತ್ತಿರುವುದು. ಕ್ಯಾಮೆರಾದವನಿಗೆ ದುಡ್ಡಿದೆ, ಟಿ-ಶರ್ಟ್ ಹೊಲಿಯುವವನಿಗೆ ದುಡ್ಡಿದೆ, ನಮ್ಮ ಪ್ರಾಣ ಕಾಯುವವನು ಮಾತ್ರ ಫ್ರೀ. ತಿಂಗಳಿಗೆ ಲಕ್ಷ ಎಣಿಸುವ ನಾವು ಐದು ನಿಮಿಷ ನೀರಿನಲ್ಲಿ ನಿಂತದ್ದಕ್ಕೆ ಸೇವೆ ಅಂತ ಹೆಸರು. ದಿನಗೂಲಿ ಬಿಟ್ಟು ಬಂದು ಎರಡು ಗಂಟೆ ನೀರಿನಲ್ಲೇ ನಿಂತು ನಮ್ಮನ್ನು ಕಾಯುವವನದ್ದಕ್ಕೆ ಹೆಸರೇ ಇಲ್ಲ.

ಕೆಲವು ಸ್ನೇಹಿತರು ಖಾಸಗಿಯಾಗಿ ಬರೆದರು. ಅವರಿಗೂ ಉತ್ತರ ಕೊಡಬೇಕು.

"299 ಆದರೂ ಶಾಲೆಗೆ ಹೋಗ್ತದಲ್ಲ, ಏನೂ ಮಾಡದೆ ಕೂತವರಿಗಿಂತ ಮೇಲಲ್ವಾ?" ಮೇಲೇ. ಆದರೆ ನೀವು ಮೆಲ್ಕಾರಿಗೆ ಬರದೆ, ಬೆಂಗಳೂರಿನ ಮನೆಯಲ್ಲೇ ಬಕೆಟ್ ನೀರು ಹುಯ್ದುಕೊಂಡು 999ನ್ನೂ ಶಾಲೆಗೆ ಕಳಿಸಿದರೆ ಮೂರು ಪಟ್ಟು ಮೇಲೆ. ಅದಕ್ಕೆ ಯಾರೂ ಬರುವುದಿಲ್ಲ ಅಂತೀರಾ? ಹಾಗಾದರೆ 700 ರೂಪಾಯಿಗೆ ನಾವು ಕೊಂಡದ್ದು ನಮ್ಮ ಖುಷಿಯನ್ನು. ಖುಷಿ ಕೊಳ್ಳುವುದು ತಪ್ಪಲ್ಲ, ಅದಕ್ಕೆ ಪಿಕ್‌ನಿಕ್ ಅಂತ ಒಳ್ಳೆ ಹೆಸರಿದೆ.

"ಜಾಗೃತಿ ಮೂಡ್ತದೆ." ಯಾವುದರ ಜಾಗೃತಿ? ನಮ್ಮ ಫೋಟೋ ನೋಡಿದ ಹೊಳೆ ಬದಿಯ ಹತ್ತನೇ ಕ್ಲಾಸಿನ ಹುಡುಗನಿಗೆ ಮೂಡುವ ಜಾಗೃತಿ ಏನು ಗೊತ್ತಾ? ಈಜು ಬರದಿದ್ದರೂ ಹೊಳೆಗೆ ಇಳಿಯಬಹುದು, ಅಣ್ಣಂದಿರೇ ಇಳಿದಿದ್ದಾರೆ ಅಂತ. ನನಗೆ ಎಲ್ಲಕ್ಕಿಂತ ಭಯ ಇರುವುದು ಇದಕ್ಕೆ. ನಾವು ಎಪ್ಪತ್ತು ಜನ ಸುರಕ್ಷಿತವಾಗಿ ಎದ್ದು ಬರಬಹುದು. ಮುಂದಿನ ಭಾನುವಾರ ಅದೇ ಜಾಗಕ್ಕೆ ನಾಲ್ಕು ಮಕ್ಕಳು ಬರುತ್ತಾರೆ.

"ಆಟಿ ಅಮಾವಾಸ್ಯೆಗೆ ಮುಳುಗುವವರಿಗೆ ನೀನು ಯಾಕೆ ಹೇಳುವುದಿಲ್ಲ?" ಒಳ್ಳೆ ಪ್ರಶ್ನೆ. ಅಲ್ಲೂ ನೂಕುನುಗ್ಗಲಿದ್ದರೆ, ಪಾಚಿಗಟ್ಟಿದ್ದರೆ ಹೇಳಲೇಬೇಕು. ಆದರೆ ಒಂದು ವ್ಯತ್ಯಾಸ ಗಮನಿಸಿ. ಆಟಿಯಲ್ಲಿ ಹೊಳೆ ತುಂಬಿ ಹರಿಯುತ್ತದೆ. 1974ರ ನೆರೆಯ ಕಥೆಯನ್ನು ಬಂಟ್ವಾಳದ ಹಿರಿಯರು ಇವತ್ತಿಗೂ ಮೈ ನಡುಗಿಸಿಕೊಂಡೇ ಹೇಳುತ್ತಾರೆ. ಅಂಥ ತಿಂಗಳಲ್ಲಿ ನಮ್ಮವರು ಮೀಯಲು ಹೋಗುವುದು ಗುಡ್ಡದ ಮೇಲಿನ ಕೆರೆಗೆ. ಆಟಿಯಲ್ಲಿ ಹೊಳೆ ಕಡೆ ತಲೆ ಹಾಕಿದರೆ ನನ್ನ ಅಜ್ಜಿ ಕಾಲು ಮುರಿಯುತ್ತೇನೆ ಅನ್ನುತ್ತಿದ್ದರು. ಅವರಿಗೆ ನೀರಿನ ಮೇಲೆ ಭಕ್ತಿಯೂ ಇತ್ತು, ಭಯವೂ ಇತ್ತು. ನಮ್ಮ ಪೋಸ್ಟರಿನಲ್ಲಿ ಎರಡೂ ಇಲ್ಲ.

"ಸರಿ, ಬೇಡ ಅನ್ನುವುದು ಸುಲಭ. ಏನು ಮಾಡಬೇಕು ಹೇಳು." ಹೇಳುತ್ತೇನೆ. ಬಾಂಗ್ಲಾದೇಶ ನೋಡಿ, ನಮ್ಮಷ್ಟೇ ನೀರು, ನಮಗಿಂತ ಕಡಿಮೆ ದುಡ್ಡು. ಅಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಹಳ್ಳಿಯ ಕೆರೆಗಳಲ್ಲಿ ಬಿದಿರಿನ ಅಟ್ಟಣಿಗೆ ಕಟ್ಟಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು, ಸಣ್ಣ ಮಕ್ಕಳಿಗೆ ಈಜು ಕಲಿಸಲು ಶುರು ಮಾಡಿದರು. ಅದಕ್ಕೆ ಒಲಿಂಪಿಕ್ ಕೊಳ ಬೇಕಾಗಲಿಲ್ಲ. ಮಗು ಒಂದಷ್ಟು ದೂರ ಈಜಬೇಕು, ಅರ್ಧ ನಿಮಿಷ ತೇಲಬೇಕು, ಮುಳುಗುವವರಿಗೆ ದಡದಿಂದಲೇ ಕೋಲು ಚಾಚಲು ಕಲಿಯಬೇಕು. ಗುರಿ ಇಷ್ಟೇ. ಮಕ್ಕಳಿಗೆ ಈಜು ಕಲಿಸುವುದು ಮುಳುಗುವ ಸಾವು ತಪ್ಪಿಸುವ ದಾರಿಗಳಲ್ಲಿ ಒಂದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮಂಗಳೂರಿನ ಎಮ್ಮೆಕೆರೆಯಲ್ಲಿ ಈಗ ದೊಡ್ಡ ಈಜುಕೊಳ ಬಂದಿದೆ, ಲೇಡಿಹಿಲ್ಲಿನ ಮಂಗಳಾ ಈಜುಕೊಳ ಮೊದಲಿಂದ ಇದೆ. ಆದರೆ ಹೊಳೆ ಬದಿಯ ಶಾಲೆಯ ಮಗುವಿಗೆ ಮಂಗಳೂರು ಒಂದು ದಿನದ ಪ್ರವಾಸ. ಕೊಳ ನಮ್ಮಲ್ಲಿಗೆ ಬರಬೇಕು ಅಂತಿಲ್ಲ, ಮೆಟ್ಟಿಲಿರುವ ಒಂದು ಊರಕೆರೆ, ಸೊಂಟದ ಮಟ್ಟ ನೀರು, ಸುತ್ತ ಹಗ್ಗ, ಕಲಿಸಲು ನಮ್ಮ ಹೊಳೆಯ ಹುಡುಗರು ಇದ್ದರೆ ಸಾಕು. ಅವರಿಗೆ ಸಂಬಳ. ಹೌದು, ಸಂಬಳ. 'ಗೌರವಧನ' ಅಂತ ಶಾಲು ಹೊದೆಸಿ ಐನೂರು ರೂಪಾಯಿ ಕವರ್ ಕೊಡುವುದಲ್ಲ.

ಜೊತೆಗೆ ಜನ ಇಳಿಯುವ ಜಾಗಗಳಲ್ಲಿ ಒಂದು ಕಂಬ ನೆಟ್ಟು ಅದಕ್ಕೆ ಹಗ್ಗ ಕಟ್ಟಿದ ಟ್ಯೂಬ್ ನೇತುಹಾಕಿ. ಟ್ಯೂಬಿಗೆ ದುಡ್ಡಿಲ್ಲದಿದ್ದರೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಒಳಗೆ ಬೀಸಿ ಎಸೆಯಲು ಭಾರಕ್ಕಾಗುವಷ್ಟು ಚೂರು ನೀರು, ಹಿಡಿಗೆ ಹದಿನೈದು ಮೀಟರ್ ಹಗ್ಗ. ಮುಳುಗುವವನ ಹಿಂದೆ ಈಜು ಬರದವನು ಹಾರಿದರೆ ಎರಡು ಹೆಣ. ಕೋಲು ಚಾಚು, ಕ್ಯಾನು ಎಸೆ, ಹಾರಬೇಡ. ಇಷ್ಟನ್ನು ಪ್ರತಿ ಶಾಲೆಯಲ್ಲಿ ಒಂದು ಪಿರಿಯಡ್ ಹೇಳಿಕೊಡಲು ಸ್ಮಾರ್ಟ್ ಬೋರ್ಡೂ ಬೇಡ, ಕಪ್ಪು ಹಲಗೆ ಸಾಕು.

ದಿನವೂ ಸಿದ್ಧವಿದೆ. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುವ ಸಾವು ತಡೆಯುವ ದಿನ ಅಂತ ಘೋಷಿಸಿದೆ. ಅದು ಬರುವುದು ಸರಿಯಾಗಿ ನಮ್ಮ ಆಟಿ ತಿಂಗಳಲ್ಲಿ. 2025ರಲ್ಲಂತೂ ಜುಲೈ 24ಕ್ಕೆ ಆಟಿ ಅಮಾವಾಸ್ಯೆ, ಮರುದಿನವೇ ಇದು. ಒಂದು ದಿನ ನರಹರಿಯಲ್ಲಿ ಮುಳುಗಿ ಎದ್ದ ಊರು, ಮರುದಿನ ಮುಳುಗದಿರುವುದು ಹೇಗೆ ಅಂತ ಕಲಿಯಬಹುದಿತ್ತು. ಯಾರೂ ಕಲಿಯಲಿಲ್ಲ. ನಾನೂ ಆವತ್ತು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದೆ.

ಆಗಲೇ ಹೇಳಿದೆನಲ್ಲ, ನನಗೆ ಈಜು ಬರುವುದಿಲ್ಲ ಅಂತ. ತಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ಹೊಳೆಗೆ ಹೋಗಬಾರದು ಅಂತಾಯಿತು. ನೀರು ಕೊಂದಿತು ಅಂತ ನೀರಿನಿಂದ ಮಕ್ಕಳನ್ನು ದೂರ ಇಟ್ಟರು, ದೂರ ಇಟ್ಟದ್ದರಿಂದ ಮುಂದಿನ ಮಕ್ಕಳಿಗೂ ಈಜು ಬರಲಿಲ್ಲ. ಕರಾವಳಿಯ ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ. ಕಳೆದ ತಿಂಗಳು ಬೆಂಗಳೂರಿನಲ್ಲಿ ದೊಡ್ಡವರ ಈಜು ಕ್ಲಾಸಿಗೆ ಸೇರಿದ್ದೇನೆ. ನನ್ನ ಬ್ಯಾಚಿನಲ್ಲಿ ಎಂಟು ವರ್ಷದ ಮಕ್ಕಳೂ ಇದ್ದಾರೆ. ಅವರು "ಅಂಕಲ್, ಕಾಲು ಹೊಡೀರಿ" ಅನ್ನುತ್ತಾರೆ. ಇಪ್ಪತ್ತು ಸೆಕೆಂಡು ತೇಲುತ್ತೇನೆ. ಇದರ ಫೋಟೋ ಯಾರೂ ತೆಗೆದಿಲ್ಲ, ತೆಗೆಯುವ ಹಾಗೆ ಕಾಣುವುದೂ ಇಲ್ಲ.

ಮೊನ್ನೆ ಊರಿಗೆ ಹೋದಾಗ, ಆವತ್ತು ತಮ್ಮನನ್ನು ಮೇಲೆ ತಂದವರಲ್ಲಿ ಒಬ್ಬರು ಮೆಲ್ಕಾರಿನಲ್ಲಿ ಸಿಕ್ಕಿದರು. ಈಗ ಆಟೋ ಓಡಿಸುತ್ತಾರೆ. ಪೋಸ್ಟರ್ ತೋರಿಸಿದೆ. ಮೊಬೈಲನ್ನು ದೂರ ಹಿಡಿದು ಓದಿ, "ಇದರಲ್ಲಿ ಮಾಡುದು ಎಂತ?" ಅಂತ ಕೇಳಿದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೀಯ್ಲಿಕ್ಕೆ ಅಷ್ಟು ದೂರದಿಂದ ಬರ್ತಾರಾ? ಬರ್ಲಿ ಪಾಪ. ಅಲ್ಲಿ ಗುಂಡಿ ಉಂಟು, ಆಚೆ ಕಡೆಗೆ ಇಳೀಲಿಕ್ಕೆ ಹೇಳಿ. ನಾನು ಬೇಕಿದ್ರೆ ಬರ್ತೇನೆ" ಅಂದರು. ದುಡ್ಡಿನ ಮಾತು ಅವರು ಎತ್ತಲಿಲ್ಲ. ಲೈಫ್ ಜಾಕೆಟ್ ಈಗಲಾದರೂ ಇದೆಯಾ ಅಂತ ಕೇಳಿದೆ. ನಕ್ಕರು.

ಹಾಗಾಗಿ ಗ್ರೂಪಿನ ಗೆಳೆಯರೇ, ಕಾರ್ಯಕ್ರಮ ನಿಲ್ಲುವುದಿಲ್ಲ ಅಂತ ನನಗೆ ಗೊತ್ತು, ಟಿ-ಶರ್ಟಿಗೆ ಆರ್ಡರ್ ಹೋಗಿದೆಯಂತೆ. ನನ್ನ 999 ಕಳಿಸಿದ್ದೇನೆ. ಟಿ-ಶರ್ಟ್ ಬೇಡ, ಮೆಡಲ್ ಬೇಡ. ಆ ದುಡ್ಡಿಗೆ ಒಂದು ಲೈಫ್ ಜಾಕೆಟ್ ತನ್ನಿ, ಸಾಲದಿದ್ದರೆ ಹೇಳಿ, ಹಾಕುತ್ತೇನೆ. ನೀವು ಎಪ್ಪತ್ತು ಜನ ಹೀಗೇ ಮಾಡಿದರೆ ನಮ್ಮ ಹೊಳೆಯ ಪ್ರತಿಯೊಬ್ಬ ಈಜುಗಾರನಿಗೂ ಒಂದೊಂದು ಬಂದು, ಶಾಲೆಗೂ ಮಿಗುತ್ತದೆ. ಡಿಸೆಂಬರಿನ ಆ ಭಾನುವಾರ ನಾನೂ ಬರುತ್ತೇನೆ. ನೀರಿಗೆ ಇಳಿಯುವುದಿಲ್ಲ. ಐದು ಲೀಟರಿನ ಕ್ಯಾನಿಗೆ ಹಗ್ಗ ಕಟ್ಟಿಕೊಂಡು ದಡದಲ್ಲಿ ನಿಂತಿರುತ್ತೇನೆ. ಫೋಟೋದಲ್ಲಿ ಬೇಡ ಅನ್ನಿಸಿದರೆ ಕ್ರಾಪ್ ಮಾಡಿ.